ಆಮದು ಸರಕಿನ ಸುಂಕ ತೀರುವಳಿ: ಹಡಗು ಹೊರಡುವ ಮುನ್ನವೇ ಮುಗಿಸಬೇಕಾದ ಕೆಲಸ

ವಿದೇಶದ ಯಂತ್ರೋಪಕರಣಗಳು ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಎಂಬ ಕಾಲ ಕಳೆದುಹೋಗಿದೆ. 1991ರ ಉದಾರೀಕರಣದ ನಂತರ ಆಮದು ಪರವಾನಗಿಯ ಕಟ್ಟುಪಾಡುಗಳು ಒಂದೊಂದಾಗಿ ಸಡಿಲಗೊಂಡಿವೆ. ಮಂಡ್ಯ ನಗರದ ಗುತ್ತಲಿನಲ್ಲಿ ಅಕ್ಕಿ ಗಿರಣಿ ನಡೆಸುವವರಾಗಲಿ, ತೂಬಿನಕೆರೆ, ಗೆಜ್ಜಲಗೆರೆ ಅಥವಾ ಸೋಮನಹಳ್ಳಿ ಕೈಗಾರಿಕಾ ಪ್ರದೇಶಗಳ ಸಣ್ಣ ಉದ್ದಿಮೆದಾರರಾಗಲಿ ತಮಗೆ ಬೇಕಾದ ಯಂತ್ರವನ್ನು ನೇರವಾಗಿ ತರಿಸಿಕೊಳ್ಳಬಹುದು. ಬೆಲೆ ವಿಚಾರಿಸುವುದು, ಮಾದರಿ ನೋಡುವುದು, ಬ್ಯಾಂಕಿನ ಮೂಲಕ ಹಣ ಕಳುಹಿಸುವುದು ಇವೆಲ್ಲವೂ ಸುಲಭವಾಗಿವೆ. ತೊಡಕು ಕಾಣಿಸಿಕೊಳ್ಳುವುದು ಸರಕು ಬಂದಿಳಿದ ಮೇಲೆ, ಕಸ್ಟಮ್ಸ್ ಆವರಣದಲ್ಲಿ.

ಆದರೆ ಅಲ್ಲಿ ಕಾಣಿಸಿಕೊಳ್ಳುವ ತೊಡಕಿನ ಬೇರು ಬಹುತೇಕ ಅಲ್ಲಿರುವುದಿಲ್ಲ. ಅದು ನಮ್ಮ ಮೇಜಿನ ಮೇಲೆಯೇ, ಖರೀದಿ ಆದೇಶ ಬರೆದ ದಿನವೇ ಹುಟ್ಟಿರುತ್ತದೆ. ಸದಸ್ಯ ಬಾಂಧವರಿಗೆ ಉಪಯುಕ್ತವಾಗಲೆಂದು, ಅಕ್ಕಿಯ ಕಪ್ಪುಕಾಳನ್ನು ಬೇರ್ಪಡಿಸುವ ಕಲರ್ ಸಾರ್ಟರ್ ಯಂತ್ರವೊಂದನ್ನು ಉದಾಹರಣೆಯಾಗಿಟ್ಟುಕೊಂಡು ಈ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಗುತ್ತಲಿನ ಗಿರಣಿಯೊಂದು ಮುಂಗಾರು ಭತ್ತದ ಕೊಯ್ಲಿಗೆ ಮುನ್ನ ಈ ಯಂತ್ರವನ್ನು ನಿಲ್ಲಿಸಬೇಕೆಂದು ಸಾಲ ಪಡೆದಿದೆ ಎಂದಿಟ್ಟುಕೊಳ್ಳೋಣ. ಯಂತ್ರ ಒಂದು ತಿಂಗಳು ತಡವಾದರೆ ಸಾಲದ ಬಡ್ಡಿಯೊಡನೆ ಹಂಗಾಮೂ ಕೈತಪ್ಪುತ್ತದೆ.

ಆದೇಶ ನೀಡುವ ಮುನ್ನ

ಮೊದಲನೆಯ ಅಗತ್ಯ ಆಮದು-ರಫ್ತು ಸಂಕೇತ ಸಂಖ್ಯೆ, ಅಂದರೆ ಐ.ಇ.ಸಿ. ಇದನ್ನು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ನೀಡುತ್ತದೆ. ಜಿ.ಎಸ್.ಟಿ. ಬಂದ ಮೇಲೆ ಪ್ಯಾನ್ ಸಂಖ್ಯೆಯೇ ಐ.ಇ.ಸಿ. ಸಂಖ್ಯೆಯಾಗಿದೆ. ಒಮ್ಮೆ ಪಡೆದರೆ ಸಾಕೆಂದು ಅನೇಕರು ಭಾವಿಸಿದ್ದಾರೆ. 2021ರಿಂದೀಚೆಗೆ, ವಿವರಗಳಲ್ಲಿ ಬದಲಾವಣೆ ಇಲ್ಲದಿದ್ದರೂ, ಪ್ರತಿವರ್ಷ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ಅದನ್ನು ಆನ್‌ಲೈನ್‌ನಲ್ಲಿ ದೃಢೀಕರಿಸತಕ್ಕದ್ದು. ತಪ್ಪಿದಲ್ಲಿ ಸಂಖ್ಯೆ ನಿಷ್ಕ್ರಿಯಗೊಳ್ಳುತ್ತದೆ. ಸರಕು ಬಂದ ಮೇಲೆ ಇದು ತಿಳಿದುಬಂದರೆ ದಿನಗಳು ವ್ಯರ್ಥವಾಗುತ್ತವೆ.

ಎರಡನೆಯದು ಸರಕಿನ ವರ್ಗೀಕರಣ. ಧಾನ್ಯವನ್ನು ಶುದ್ಧಗೊಳಿಸುವ, ವಿಂಗಡಿಸುವ ಯಂತ್ರಗಳಿಗೆ ಸುಂಕಪಟ್ಟಿಯಲ್ಲಿ 8437 ಎಂಬ ಶೀರ್ಷಿಕೆಯಿದೆ. ಇನ್‌ವಾಯ್ಸ್‌ನಲ್ಲಿ ಬರಿದೇ ‘ಮೆಷಿನ್ ಮತ್ತು ಅಕ್ಸೆಸರೀಸ್’ ಎಂದು ಬರೆದು ಕಳುಹಿಸಿದರೆ ಪ್ರಶ್ನೆ ಏಳುವುದು ಸಹಜ. ಯಂತ್ರದ ಹೆಸರು, ಮಾದರಿ, ಉಪಯೋಗ, ಹೊಸದೋ ಬಳಸಿದ್ದೋ ಎಂಬುದನ್ನು ಸ್ಪಷ್ಟವಾಗಿ ಬರೆಸಬೇಕು. ಜೊತೆಗೆ ಬರುವ ಏರ್ ಕಂಪ್ರೆಸರ್ ಹಾಗೂ ಬಿಡಿಭಾಗಗಳ ಬೆಲೆಯನ್ನು ಬೇರೆಬೇರೆಯಾಗಿ ತೋರಿಸಬೇಕು. ವರ್ಗೀಕರಣದಲ್ಲಿ ನಿಜವಾದ ಸಂದೇಹವಿದ್ದು ದೊಡ್ಡ ಮೊತ್ತದ ಅಥವಾ ಪದೇಪದೇ ನಡೆಯುವ ಆಮದಾದಲ್ಲಿ, ದೆಹಲಿ ಮತ್ತು ಮುಂಬಯಿಗಳಲ್ಲಿರುವ ಕಸ್ಟಮ್ಸ್ ಮುಂಗಡ ತೀರ್ಪು ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿ ಮುಂಚಿತವಾಗಿಯೇ ಉತ್ತರ ಪಡೆಯಬಹುದು.

ಮೂರನೆಯದು ಪ್ಯಾಕಿಂಗ್. ಯಂತ್ರ ಸರಿಯಿದ್ದು, ಅದನ್ನು ತುಂಬಿದ ಮರದ ಪೆಟ್ಟಿಗೆಯ ದೋಷದಿಂದ ಸರಕು ನಿಲ್ಲುವ ಸಂಭವವಿದೆ. ಮರದ ಪೆಟ್ಟಿಗೆ, ಹಲಗೆಗಳು ಕೀಟ ನಿವಾರಣೆಗೊಂಡಿವೆ ಎಂಬುದಕ್ಕೆ ಐ.ಎಸ್.ಪಿ.ಎಂ.-15 ಮುದ್ರೆ ಇರಬೇಕೆಂಬುದು ಸಸ್ಯ ಸಂರೋಧ ನಿಯಮ. ಈ ಷರತ್ತನ್ನು ಖರೀದಿ ಆದೇಶದಲ್ಲಿಯೇ ಸೇರಿಸಿ, ಸರಕು ಹೊರಡುವ ಮುನ್ನ ಮುದ್ರೆಯ ಛಾಯಾಚಿತ್ರ ತರಿಸಿಕೊಳ್ಳುವುದು ಜಾಣತನ.

ಎಲ್ಲಿ ಬಿಡಿಸಿಕೊಳ್ಳಬೇಕು?

ನಮ್ಮ ಭಾಗದವರಿಗೆ ಸಾಮಾನ್ಯವಾಗಿ ಎರಡು ದಾರಿಗಳಿವೆ. ಚೆನ್ನೈ ಬಂದರಿನಲ್ಲಿಯೇ ಸುಂಕ ತೀರಿಸಿ ಲಾರಿಯಲ್ಲಿ ತರುವುದು ಒಂದು. ಕಂಟೇನರನ್ನು ರೈಲಿನಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಒಳನಾಡು ಕಂಟೇನರ್ ಡಿಪೋಗೆ ತರಿಸಿ ಅಲ್ಲಿ ತೀರುವಳಿ ಪಡೆಯುವುದು ಇನ್ನೊಂದು. ಒಳನಾಡಿನಲ್ಲಿಯೇ ಕಸ್ಟಮ್ಸ್ ತೀರುವಳಿ ಎಂಬ ಈ ವ್ಯವಸ್ಥೆ ದೇಶದಲ್ಲಿ ಮೊದಲು ಆರಂಭವಾದದ್ದು 1981ರಲ್ಲಿ, ಬೆಂಗಳೂರಿನಲ್ಲಿಯೇ. ತುರ್ತಾಗಿ ಬೇಕಾದ ಬಿಡಿಭಾಗಗಳಿಗೆ ಕೆಂಪೇಗೌಡ ವಿಮಾನ ನಿಲ್ದಾಣದ ಸರಕು ವಿಭಾಗವಿದೆ.

ವೈಟ್‌ಫೀಲ್ಡ್ ಬೇಕೆಂದರೆ ಬಿಲ್ ಆಫ್ ಲೇಡಿಂಗ್‌ನಲ್ಲಿ ಅಂತಿಮ ತಲುಪುದಾಣವಾಗಿ ಅದನ್ನೇ ನಮೂದಿಸಿರಬೇಕು. ಚೆನ್ನೈ ಎಂದಷ್ಟೇ ಬರೆದಿದ್ದರೆ, ಹಡಗು ಬಂದ ಮೇಲೆ ಬದಲಾಯಿಸಲು ತಿರುಗಾಟವೂ ಖರ್ಚೂ ತಪ್ಪದು. ಸಾಗಣೆ ವೆಚ್ಚವೊಂದನ್ನೇ ನೋಡದೆ, ಕಂಟೇನರಿಗೆ ಹಡಗು ಕಂಪೆನಿ ಎಷ್ಟು ದಿನ ಬಾಡಿಗೆ ರಹಿತ ಅವಧಿ ನೀಡುತ್ತದೆ ಎಂಬುದನ್ನೂ ವಿಚಾರಿಸಬೇಕು. ಆ ಅವಧಿ ಮುಗಿದ ಮೇಲೆ ಹಡಗು ಕಂಪೆನಿಯ ಡಿಟೆನ್ಷನ್, ಆವರಣದ ಉಸ್ತುವಾರಿದಾರರ ಡೆಮರೇಜ್ ಎರಡೂ ದಿನ ಲೆಕ್ಕದಲ್ಲಿ ಏರುತ್ತವೆ.

ಮೌಲ್ಯ ಮತ್ತು ಸುಂಕದ ಲೆಕ್ಕ

ಸುಂಕವನ್ನು ಸರಕಿನ ಬೆಲೆಯ ಮೇಲೆ ಮಾತ್ರವಲ್ಲ, ಅದಕ್ಕೆ ಹಡಗು ಸಾಗಣೆ ಮತ್ತು ವಿಮೆಯ ವೆಚ್ಚ ಸೇರಿಸಿದ ಮೌಲ್ಯದ ಮೇಲೆ ಲೆಕ್ಕ ಹಾಕಲಾಗುತ್ತದೆ. 2007ರ ಮೌಲ್ಯ ನಿರ್ಧಾರ ನಿಯಮಗಳ ಪ್ರಕಾರ, ಸಾಗಣೆ ವೆಚ್ಚ ತಿಳಿಯದಿದ್ದಲ್ಲಿ ಎಫ್.ಓ.ಬಿ. ಬೆಲೆಯ ಶೇ. 20ನ್ನು, ವಿಮೆ ತಿಳಿಯದಿದ್ದಲ್ಲಿ ಶೇ. 1.125ನ್ನು ಸೇರಿಸಲಾಗುತ್ತದೆ.

ಯಂತ್ರದ ಎಫ್.ಓ.ಬಿ. ಬೆಲೆ ರೂ. 8,00,000, ನಿಜವಾದ ಸಾಗಣೆ ವೆಚ್ಚ ರೂ. 60,000, ವಿಮೆ ರೂ. 4,000 ಎಂದುಕೊಂಡರೆ ಮೌಲ್ಯ ರೂ. 8,64,000 ಆಗುತ್ತದೆ. ರಸೀದಿಗಳಿಲ್ಲದಿದ್ದರೆ ಅದೇ ಮೌಲ್ಯ ರೂ. 9,69,000ಕ್ಕೆ ಏರುತ್ತದೆ. ಉದಾಹರಣೆಗಾಗಿ ಮೂಲ ಸುಂಕ ಶೇ. 7.5, ಆ ಸುಂಕದ ಮೇಲೆ ಸಮಾಜ ಕಲ್ಯಾಣ ಮೇಲ್ತೆರಿಗೆ ಶೇ. 10, ಐ.ಜಿ.ಎಸ್.ಟಿ. ಶೇ. 18 ಎಂದು ಹಿಡಿಯೋಣ. ಮೊದಲ ಮೌಲ್ಯದ ಮೇಲೆ ಮೂಲ ಸುಂಕ ರೂ. 64,800, ಮೇಲ್ತೆರಿಗೆ ರೂ. 6,480, ಇವೆಲ್ಲವನ್ನೂ ಕೂಡಿಸಿದ ಮೊತ್ತದ ಮೇಲೆ ಐ.ಜಿ.ಎಸ್.ಟಿ. ರೂ. 1,68,350, ಒಟ್ಟು ರೂ. 2,39,630. ರಸೀದಿಗಳಿಲ್ಲದ ತಪ್ಪಿಗೆ ಇದರ ಮೇಲೆ ಸುಮಾರು ರೂ. 29,000 ಹೆಚ್ಚುವರಿಯಾಗಿ ತೆರಬೇಕಾಗುತ್ತದೆ. ದರಗಳು ಬದಲಾಗುತ್ತಿರುವುದರಿಂದ ಆದೇಶ ನೀಡುವಾಗಲೂ ಬಿಲ್ ಸಲ್ಲಿಸುವಾಗಲೂ ಚಾಲ್ತಿಯಲ್ಲಿರುವ ದರವನ್ನು ನೋಡಿಕೊಳ್ಳತಕ್ಕದ್ದು.

ಯಂತ್ರ ಬಂದ ಮೇಲೆ ತಂತ್ರಜ್ಞರು ಬಂದು ಜೋಡಿಸಿಕೊಡುವ ಶುಲ್ಕಕ್ಕೆ ಕಸ್ಟಮ್ಸ್ ಸುಂಕವಿಲ್ಲ. ಆದರೆ ಅದನ್ನು ಬೆಲೆಯಿಂದ ಪ್ರತ್ಯೇಕವಾಗಿ ತೋರಿಸಿರಬೇಕು. ಐ.ಜಿ.ಎಸ್.ಟಿ. ಹೇಗೂ ಹೂಡುವಳಿ ತೆರಿಗೆಯಾಗಿ ಹಿಂದಿರುಗುತ್ತದೆ ಎಂದು ಗಿರಣಿ ಮಾಲೀಕರು ಪೂರ್ತಿ ನೆಚ್ಚಿಕೊಳ್ಳುವಂತಿಲ್ಲ. ತೆರಿಗೆ ವಿನಾಯಿತಿಯುಳ್ಳ ಬಿಡಿ ಅಕ್ಕಿ ಮಾರುವ ಪ್ರಮಾಣಕ್ಕೆ ತಕ್ಕಂತೆ ಆ ಸೌಲಭ್ಯ ಕಡಿಮೆಯಾಗುತ್ತದೆ. ಯಂತ್ರದ ಖರ್ಚನ್ನು ಅಂದಾಜು ಮಾಡುವಾಗ ಈ ಅಂಶವನ್ನು ಲೆಕ್ಕಪರಿಶೋಧಕರೊಡನೆ ಚರ್ಚಿಸುವುದು ಒಳಿತು.

ಬಿಲ್ ಆಫ್ ಎಂಟ್ರಿ ಮತ್ತು ಗಡುವು

ತೀರುವಳಿಯ ಮೂಲ ದಾಖಲೆ ಬಿಲ್ ಆಫ್ ಎಂಟ್ರಿ. ಕಸ್ಟಮ್ಸ್ ಕಾಯ್ದೆ, 1962ರ 46ನೆಯ ಪ್ರಕರಣದಂತೆ ಇದನ್ನು ಐಸ್‌ಗೇಟ್ ಜಾಲತಾಣದ ಮೂಲಕ ಸಲ್ಲಿಸಬೇಕು. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್ ಮುಂತಾದವನ್ನು ಇ-ಸಂಚಿತ್ ವ್ಯವಸ್ಥೆಗೆ ಏರಿಸಲಾಗುತ್ತದೆ. 2021ರ ತಿದ್ದುಪಡಿಯ ನಂತರ, ಸರಕು ತಲುಪುವ ದಿನದ ಹಿಂದಿನ ದಿನ ಮುಗಿಯುವುದರೊಳಗೆ ಬಿಲ್ ಸಲ್ಲಿಕೆಯಾಗಬೇಕೆಂಬುದು ಸಾಮಾನ್ಯ ನಿಯಮ. ವಿಮಾನದ ಸರಕು ಮೊದಲಾದ ಕೆಲವಕ್ಕೆ ತುಸು ಸಡಿಲಿಕೆಯಿದೆ. ಸರಕು ಬರುವ 30 ದಿನ ಮುಂಚಿತವಾಗಿಯೂ ಸಲ್ಲಿಸಲು ಅವಕಾಶವುಂಟು.

ವಿಳಂಬವಾದರೆ ಮೊದಲ ಮೂರು ದಿನಗಳಿಗೆ ದಿನಕ್ಕೆ ರೂ. 5,000, ಆನಂತರ ದಿನಕ್ಕೆ ರೂ. 10,000 ಶುಲ್ಕ. ಐದು ದಿನ ತಡವಾದರೆ ರೂ. 35,000! ಸುಂಕ ಪಾವತಿ ತಡವಾದರೆ ಬೀಳುವ ಶೇ. 15ರ ಬಡ್ಡಿ ನಮ್ಮ ಉದಾಹರಣೆಯಲ್ಲಿ ದಿನಕ್ಕೆ ನೂರು ರೂಪಾಯಿಗೂ ಕಡಿಮೆ. ಯಾವುದರ ಬಗ್ಗೆ ಹೆಚ್ಚು ಎಚ್ಚರವಿರಬೇಕೆಂಬುದು ಇದರಿಂದಲೇ ಸ್ಪಷ್ಟ. ಮೂವತ್ತು ದಿನಗಳಲ್ಲಿ ಬಿಡಿಸಿಕೊಳ್ಳದ ಸರಕನ್ನು, ನೋಟೀಸು ನೀಡಿ, ಅಧಿಕಾರಿಗಳ ಅನುಮತಿ ಪಡೆದು ಮಾರಿಬಿಡಲು 48ನೆಯ ಪ್ರಕರಣ ಉಸ್ತುವಾರಿದಾರರಿಗೆ ಅಧಿಕಾರ ನೀಡುತ್ತದೆ.

ಮುಖ ಕಾಣದ ಅಧಿಕಾರಿ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲವೆಂಬುದು ನಮ್ಮ ಹಳೆಯ ಗಾದೆ. ಈಗ ಹೇಳಿಕೊಳ್ಳಲು ಸುಂಕದವನ ಮುಖವೇ ಕಾಣುವುದಿಲ್ಲ. 2020ರ ಜೂನ್ 8ರಂದು ಬೆಂಗಳೂರು ಮತ್ತು ಚೆನ್ನೈಗಳಲ್ಲಿ, ಯಂತ್ರೋಪಕರಣಗಳ 84 ಮತ್ತು 85ನೆಯ ಅಧ್ಯಾಯಗಳಿಂದ ಆರಂಭವಾದ ಮುಖರಹಿತ ಮೌಲ್ಯಮಾಪನ ಅದೇ ವರ್ಷ ದೇಶಕ್ಕೆಲ್ಲ ವಿಸ್ತರಿಸಿತು. ವೈಟ್‌ಫೀಲ್ಡ್‌ನಲ್ಲಿರುವ ಸರಕಿನ ಬಿಲ್ಲನ್ನು ಬೇರೊಂದು ಊರಿನ ಅಧಿಕಾರಿ ಪರಿಶೀಲಿಸಬಹುದು. ಆತನಿಗೆ ಕಾಣುವುದು ನಮ್ಮ ಕಾಗದಗಳು ಮಾತ್ರ. ಆದ್ದರಿಂದ ಯಂತ್ರದ ಕ್ಯಾಟಲಾಗ್, ತಾಂತ್ರಿಕ ವಿವರ, ಹಣ ಕಳುಹಿಸಿದ ಬ್ಯಾಂಕ್ ದಾಖಲೆಗಳನ್ನು ಸಿದ್ಧವಾಗಿಟ್ಟುಕೊಂಡು, ಪ್ರಶ್ನೆ ಬಂದ ದಿನವೇ ಉತ್ತರಿಸಬೇಕು. ಅಧಿಕಾರಿಯ ಮರುನಿರ್ಧಾರ ಒಪ್ಪಿಗೆಯಾಗದಿದ್ದರೆ ಕಾರಣಸಹಿತ ಲಿಖಿತ ಆದೇಶ ಕೇಳುವ ಹಕ್ಕಿದೆ. ಆದೇಶ ತಲುಪಿದ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ಹೊಣೆ ಯಾರದು?

ಕ್ಲಿಯರಿಂಗ್ ಏಜೆಂಟರೆಂದು ನಾವು ಕರೆಯುವ ಕಸ್ಟಮ್ಸ್ ಬ್ರೋಕರುಗಳ ನೆರವು ಅಗತ್ಯವೇ ಸರಿ. ಆದರೆ 2011ರಿಂದ ಸುಂಕದ ಸ್ವಯಂ ನಿರ್ಧಾರ ಪದ್ಧತಿ ಜಾರಿಯಲ್ಲಿದೆ. ಬಿಲ್ಲಿನಲ್ಲಿರುವ ಮಾಹಿತಿ ನಿಖರವೂ ಪೂರ್ಣವೂ ಆಗಿರಬೇಕೆಂಬ ಹೊಣೆಯನ್ನು ಕಾಯ್ದೆಯು ಆಮದುದಾರರ ಮೇಲೆಯೇ ಹೊರಿಸಿದೆ. ಕಡಿಮೆ ಕಟ್ಟಿದ ಸುಂಕಕ್ಕೆ ಎರಡು ವರ್ಷಗಳವರೆಗೆ, ಉದ್ದೇಶಪೂರ್ವಕ ತಪ್ಪು ಹೇಳಿಕೆಯಿದ್ದರೆ ಐದು ವರ್ಷಗಳವರೆಗೆ ನೋಟೀಸು ಬರಬಹುದು. ‘ಏಜೆಂಟರು ಬರೆದರು, ನಾನು ಸಹಿ ಹಾಕಿದೆ’ ಎಂಬ ಉತ್ತರ ಆಗ ರಕ್ಷಣೆಗೆ ಬರುವುದಿಲ್ಲ. ಸಲ್ಲಿಸುವ ಮುನ್ನ ಬಿಲ್ಲಿನ ಕರಡನ್ನು ತರಿಸಿಕೊಂಡು, ಇನ್‌ವಾಯ್ಸ್‌ನೊಡನೆ ಸಾಲುಸಾಲಾಗಿ ಹೋಲಿಸಿ ನೋಡಲು ಅರ್ಧ ಗಂಟೆ ಸಾಕು.

ಸುಂಕ ತೀರಿ ‘ಔಟ್ ಆಫ್ ಚಾರ್ಜ್’ ಆದೇಶ ದೊರೆತ ಮೇಲೆ, ಬಿಲ್ ಆಫ್ ಎಂಟ್ರಿಯ ಆಧಾರದಲ್ಲಿ ಇ-ವೇ ಬಿಲ್ ಪಡೆದು ಲಾರಿ ಹೊರಡಿಸಬಹುದು. ವೈಟ್‌ಫೀಲ್ಡ್‌ನಿಂದ ಗುತ್ತಲಿಗೆ ಒಂದು ದಿನದ ದಾರಿಯೂ ಅಲ್ಲ. ಸಾಗರ ದಾಟಿ ಬಂದ ಯಂತ್ರ ಈ ಕೊನೆಯ ಹಾದಿಯ ಮುಂದೆ ವಾರಗಟ್ಟಲೆ ಕಾಯಬೇಕೋ, ಕೊಯ್ಲಿಗೆ ಮುನ್ನ ಗಿರಣಿ ಸೇರಬೇಕೋ ಎಂಬುದು ಬಹುಮಟ್ಟಿಗೆ ಖರೀದಿ ಆದೇಶದ ದಿನ ನಾವು ತೋರಿದ ಎಚ್ಚರವನ್ನು ಅವಲಂಬಿಸಿದೆ.