ಬಾಗಿದರೂ ಮುರಿಯದ ಮರ

ಮಕ್ಕಳೇ, ನಿಮ್ಮ ನೋಟ್‌ಬುಕ್ಕನ್ನು ಬಾಗಿಸಿ ಅಂಚು ನೋಡಿ. ಹಾಳೆಗಳು ಒಂದರ ಮೇಲೊಂದು ಜಾರಿ ಮೆಟ್ಟಿಲಾಗಿರುತ್ತವೆ. ಹಾಗೇ ಅಂಟಿಸಿಬಿಟ್ಟರೆ? ಹಿಂದಕ್ಕೆ ಜಾರಲಾಗದೆ ಬಾಗಿದಂತೆಯೇ ಉಳಿಯುತ್ತವೆ. ಬಾಗು ಕುರ್ಚಿಯ ಗುಟ್ಟು ಇಷ್ಟೇ.

ಬ್ಯಾಂಕಿನಲ್ಲಿ ಲೆಡ್ಜರ್ ತಿರುವಿದ ನನ್ನ ಕೈ ಈಗ ಮೈಸೂರಿನ ಮನೆಯ ಹಿತ್ತಿಲಲ್ಲಿ ವೆನೀರ್ ತಿರುವುತ್ತದೆ. ಬೆನ್ನುನೋವಿನ ನನ್ನಾಕೆಗೆ ನೇರ ಬೆನ್ನಿನ ಕುರ್ಚಿಯಲ್ಲಿ ಅರ್ಧ ಗಂಟೆಯೂ ಕೂರಲಾಗದು. ದಪ್ಪ ಹಲಗೆಯಿಂದಲೇ ಬಾಗು ಕೊರೆದರೆ ಮರದ ಎಳೆ ಅಡ್ಡಕ್ಕೆ ತುಂಡಾಗಿ, ಅಲ್ಲೇ ಮುರಿಯುತ್ತದೆ. ಅದಕ್ಕೇ 1.5 ಮಿ.ಮೀ. ದಪ್ಪದ 8 ಪಟ್ಟಿಗಳಿಗೆ ಅಂಟು ಸವರಿ, ಹಳೆ ಬಾಗಿಲ ತುಂಡುಗಳಿಂದ ಮಾಡಿದ ಅಚ್ಚಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಒತ್ತಿ, ಸೈಕಲ್ ಟ್ಯೂಬ್ ಸುತ್ತಿ ಬಿಗಿದೆ. ಒಂದು ಹಗಲು, ಒಂದು ರಾತ್ರಿ ಮುಟ್ಟಲಿಲ್ಲ. ಬಿಚ್ಚಿದಾಗ ಬಾಗು ತುಸು ಬಿಡಿಸಿಕೊಳ್ಳುತ್ತದೆ. ಅಚ್ಚಿನ ಬಾಗು ಸ್ವಲ್ಪ ಹೆಚ್ಚೇ ಇರಬೇಕು.

ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1940ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸ್‌ನ ಬಾಡಿಗೆ ಮನೆಯಲ್ಲೇ ಒತ್ತುಯಂತ್ರ ಕಟ್ಟಿಕೊಂಡಿದ್ದರು. ಒತ್ತಡಕ್ಕೆ ಸೈಕಲ್ ಪಂಪು! ಆ ಅನುಭವದಿಂದಲೇ ನೌಕಾಪಡೆಯ ಗಾಯಾಳುಗಳ ಕಾಲಿಗೆ ಪ್ಲೈವುಡ್ ದಬ್ಬೆ ಮಾಡಿಕೊಟ್ಟರು. ಭಾರತಕ್ಕೂ ಬಂದು 1958ರಲ್ಲಿ ಅವರು ಕೊಟ್ಟ ವರದಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ದಾರಿಯಾಯಿತು.

ಮೊನ್ನೆ ನನ್ನಾಕೆ ಹೊಸ ಕುರ್ಚಿಯಲ್ಲಿ ಕೂತು ಎರಡು ಮೊಳ ಮಲ್ಲಿಗೆ ಕಟ್ಟಿದಳು. ನಡುವೆ ಒಮ್ಮೆಯೂ ಏಳಲಿಲ್ಲ.