ಡೆನ್ಮಾರ್ಕಿನ ಸಾಮುದಾಯಿಕ ಉಷ್ಣವ್ಯವಸ್ಥೆ

ಒಂದೆಡೆ ಕಾಯಿಸಿದ ನೀರನ್ನು ನೆಲದೊಳಗಿನ ಕೊಳವೆಗಳ ಮೂಲಕ ಅನೇಕ ಕಟ್ಟಡಗಳಿಗೆ ಹರಿಯಿಸಿ ಚಳಿಯನ್ನು ನಿವಾರಿಸುವ ಪದ್ಧತಿಯು ಡೆನ್ಮಾರ್ಕಿಗೆ ಹೊಸತಲ್ಲ. 1903ರಲ್ಲಿಯೇ ಫ್ರೆಡರಿಕ್ಸ್‌ಬರ್ಗಿನಲ್ಲಿ ಕಸವನ್ನು ಸುಟ್ಟ ಶಾಖವು ಆಸ್ಪತ್ರೆಗೆ ಒದಗಿತು. ಪರದೇಶದ ತೈಲವನ್ನೇ ಬಹುಮಟ್ಟಿಗೆ ನೆಚ್ಚಿದ್ದ ಆ ದೇಶವು 1973ರ ತೈಲಸಂಕಟದ ತರುವಾಯ ಎಚ್ಚೆತ್ತು, 1979ರಲ್ಲಿ ಉಷ್ಣಪೂರೈಕೆಯ ಶಾಸನವನ್ನು ವಿಧಿಸಿತು. ಯಾವ ಪ್ರದೇಶಕ್ಕೆ ಕೊಳವೆಯ ಬಿಸಿನೀರು, ಯಾವುದಕ್ಕೆ ಅನಿಲ ಎಂಬುದನ್ನು ಗೊತ್ತುಮಾಡುವ ಭಾರವು ಪುರಸಭೆಗಳದಾಯಿತು. ಕೊಳವೆ ಹೂಳುವ ವೆಚ್ಚವು ಅಧಿಕ. ಬಳಸುವವರು ವಿರಳವಾದರೆ ಅದೆಲ್ಲವೂ ಕೆಲವರ ಮೇಲೆ ಬೀಳುತ್ತದೆ. ಆದಕಾರಣ ಮನೆಗಳನ್ನು ಕಡ್ಡಾಯವಾಗಿ ಸೇರಿಸುವ ಅಧಿಕಾರವೂ ಪುರಸಭೆಗಳಿಗೆ ದೊರೆತಿತ್ತು. ಹೀಗೆ ಬೇರೆ ದಾರಿಯಿಲ್ಲದ ನಿವಾಸಿಗೆ, ಉಷ್ಣವನ್ನು ಲಾಭಕ್ಕಾಗಿ ಮಾರಕೂಡದೆಂಬ ನಿಯಮವೇ ರಕ್ಷೆಯಾಯಿತು. ಈಗ ಅಲ್ಲಿಯ ಮನೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಈ ಏರ್ಪಾಡಿಗೆ ಸೇರಿವೆ. ನಿರ್ಬಂಧವೂ ನ್ಯಾಯವೂ ಜೊತೆಗೂಡಿದುದರಿಂದಲೇ ಯೋಜನೆಯು ಕಾರ್ಯರೂಪಕ್ಕೆ ಬಂದಿತೆಂದು ತಿಳಿಯಬಹುದು.