ಕೇಳುವವರಿಲ್ಲದ ತಟ್ಟೆಗಳು

ಹೋಟೆಲಿನ ಗಲ್ಲಾದ ಮುಂದೆ ಕುಳಿತವರಿಗೆಲ್ಲ ಒಂದು ಅನುಭವವುಂಟು. ಹೊಸ ತಿಂಡಿಯೊಂದನ್ನು ಮಾಡಿಸಿ ಅದರ ಹೆಸರನ್ನು ಹಲಗೆಯ ಮೇಲೆ ಬರೆಸಿದರೂ ಗಿರಾಕಿಗಳು ಇಡ್ಲಿ, ವಡೆ, ಮಸಾಲೆ ದೋಸೆಗಳನ್ನೇ ಕೇಳುವರು. ಹೊಸದು ಸಂಜೆಯವರೆಗೂ ಪಾತ್ರೆಯಲ್ಲಿಯೇ ಉಳಿಯುವುದು. ಅದರ ರುಚಿಯಲ್ಲಿ ಕೊರತೆಯಿಲ್ಲ. ಮೊದಲು ತಿಂದು ನೋಡಿ ಪಕ್ಕದವನಿಗೆ ಹೇಳುವವನೊಬ್ಬನ ಕೊರತೆ ಮಾತ್ರ. ಸಂಗೀತದ ಪೇಟೆಯಲ್ಲಿಯೂ ಇದೇ ಕಥೆ. ಹಿಪ್ ಹಾಪ್ ಮತ್ತು ಹೌಸ್ ಎಂಬ ಎರಡು ಸಂಗೀತಪದ್ಧತಿಗಳಲ್ಲಿ ಹೊಸ ಮುದ್ರಿಕೆಗಳು ದಿನದಿನವೂ ಹೊರಬರುತ್ತಿವೆ. ಅವುಗಳಲ್ಲಿ ಬಹುಪಾಲು ಕೇಳುವವರಿಲ್ಲದೆ ಮೂಲೆಗೆ ಸೇರುತ್ತಿವೆ.

ಇದು ತರುಣರ ಗದ್ದಲ, ಇದರ ವಿಚಾರ ನಮಗೇಕೆ ಎಂದು ಕೆಲವು ವಾಚಕರು ಹುಬ್ಬು ಗಂಟಿಕ್ಕಬಹುದು. ನಾವೂ ಹಾಗೆ ಭಾವಿಸಿದವರೇ. ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ, ರಾತ್ರಿ ಬಾಗಿಲು ಹಾಕಿದ ಮೇಲೆ ಪಾತ್ರೆ ತೊಳೆಯುತ್ತ ಮೊಬೈಲಿನಲ್ಲಿ ಇಂತಹ ಹಾಡು ಹಾಕಿಕೊಂಡಿದ್ದ ಹುಡುಗನೊಬ್ಬನನ್ನು "ನಿಲ್ಲಿಸೋ ಆ ಗಲಾಟೆ" ಎಂದು ಗದರಿಸಿದ್ದುಂಟು. ಅವನು ಮರುಮಾತಿಲ್ಲದೆ ನಿಲ್ಲಿಸಿದನು. ಅದು ಯಾರ ಹಾಡೆಂದು ನಾವು ವಿಚಾರಿಸಲಿಲ್ಲ. ಆಮೇಲೆ ತಿಳಿದುಬಂದ ಸಂಗತಿಗಳು ನಮ್ಮನ್ನು ನಾಚಿಸಿದವು.

ಹಿಪ್ ಹಾಪಿನ ತವರು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಭಾಗ. 1973ನೆಯ ಆಗಸ್ಟ್ 11ರಂದು ಅಲ್ಲಿಯ ವಸತಿ ಕಟ್ಟಡವೊಂದರಲ್ಲಿ, ಜಮೈಕಾ ದ್ವೀಪದಿಂದ ವಲಸೆ ಬಂದ ಕುಟುಂಬದ ಕೂಲ್ ಹರ್ಕ್ ಎಂಬ 18 ವರ್ಷದ ತರುಣನು ತನ್ನ ತಂಗಿ ಏರ್ಪಡಿಸಿದ ಕೂಟಕ್ಕೆ ತಟ್ಟೆಗಳನ್ನು ಹಾಕಿದನು. ಹಾಡು ನಿಂತು ತಾಳವಾದ್ಯವೊಂದೇ ನುಡಿಯುವ ಕ್ಷಣದಲ್ಲಿ ಜನ ಹೆಚ್ಚು ಕುಣಿಯುವುದನ್ನು ಅವನು ಗಮನಿಸಿದ್ದನು. ಮುಂದೆ ಎರಡು ಯಂತ್ರಗಳ ಮೇಲೆ ಒಂದೇ ಹಾಡಿನ ಎರಡು ತಟ್ಟೆಗಳನ್ನಿಟ್ಟು ಆ ಕ್ಷಣವನ್ನೇ ಬೆಳೆಸುತ್ತ ಹೋದನು. ಈ ಕಾರ್ಯಕ್ಕೆ ಒದಗಿದ್ದು ಹೆಸರಾಂತ ಹಾಡುಗಳಲ್ಲ. 'ಇನ್‌ಕ್ರೆಡಿಬಲ್ ಬಾಂಗೋ ಬ್ಯಾಂಡ್' ಎಂಬ ವಾದ್ಯಗೋಷ್ಠಿಯು 1973ರಲ್ಲಿ ಹೊರತಂದ 'ಅಪಾಚೆ'ಯನ್ನು ಪೇಟೆ ಹೆಚ್ಚಾಗಿ ಲಕ್ಷಿಸಿರಲಿಲ್ಲ. ಬ್ರಾಂಕ್ಸ್‌ನ ತರುಣರ ಕೈಯಲ್ಲಿ ಅದೇ ಹಿಪ್ ಹಾಪಿನ ಮೂಲಧನವಾಯಿತು. ಇಂತಹ ತಟ್ಟೆಗಳ ಹೆಸರು ಎದುರಾಳಿಗಳಿಗೆ ತಿಳಿಯದಿರಲೆಂದು ಹರ್ಕನು ಅವುಗಳ ಚೀಟಿಗಳನ್ನು ನೀರಿನಲ್ಲಿ ನೆನೆಸಿ ಕಿತ್ತುಹಾಕುತ್ತಿದ್ದನಂತೆ!

ಹೌಸ್ ಸಂಗೀತ ಹುಟ್ಟಿದ್ದು ಷಿಕಾಗೋ ನಗರದಲ್ಲಿ. ಅಲ್ಲಿ 'ವೇರ್‌ಹೌಸ್' ಎಂಬ ನೃತ್ಯಶಾಲೆಯಲ್ಲಿ 1977ರಿಂದ ಫ್ರ್ಯಾಂಕಿ ನಕಲ್ಸ್ ಎಂಬವರು ತಟ್ಟೆ ಹಾಕುತ್ತಿದ್ದರು. ಆ ಶಾಲೆಯ ಹೆಸರಿನ ತುಂಡೇ ಸಂಗೀತದ ಹೆಸರಾಯಿತೆಂದು ಹೇಳುವರು. ಈ ಪದ್ಧತಿಯ ಒಂದು ಶಾಖೆಯನ್ನು ಆಸಿಡ್ ಹೌಸ್ ಎನ್ನುವರು. ಜಪಾನಿನ ರೋಲ್ಯಾಂಡ್ ಕಂಪೆನಿಯ ಟಿಬಿ-303 ಎಂಬ ಯಂತ್ರವೇ ಅದರ ಜೀವಾಳ. ಗಿಟಾರು ವಾದಕರಿಗೆ ಮಂದ್ರಸ್ವರದ ಜೊತೆ ನೀಡಲೆಂದು ಮಾಡಿದ ಆ ಯಂತ್ರವನ್ನು ಕೊಳ್ಳುವವರಿಲ್ಲದೆ 1984ರ ವೇಳೆಗೆ ತಯಾರಿಕೆಯೇ ನಿಂತಿತು. ಹಳೆಯ ಸಾಮಾನಿನ ಅಂಗಡಿಗಳಿಂದ ಅದನ್ನು ಅಗ್ಗಕ್ಕೆ ಕೊಂಡ ಷಿಕಾಗೋದ ತರುಣರಲ್ಲಿ 'ಫ್ಯೂಚರ್' ಎಂಬ ತಂಡದವರು 'ಆಸಿಡ್ ಟ್ರ್ಯಾಕ್ಸ್' ಎಂಬ ಮುದ್ರಿಕೆಯನ್ನು 1987ರಲ್ಲಿ ಹೊರತಂದರು. ಅದಕ್ಕೂ ಮೊದಲು ರಾನ್ ಹಾರ್ಡಿ ಎಂಬವರು ಅದನ್ನು ತಮ್ಮ ನೃತ್ಯಶಾಲೆಯಲ್ಲಿ ಹಾಕಿದಾಗ ಜನ ಅಂಗಣ ಬಿಟ್ಟು ಹೊರಟರೆಂದೂ, ಅದೇ ರಾತ್ರಿ ನಾಲ್ಕನೆಯ ಬಾರಿ ಹಾಕಿದಾಗ ಹುಚ್ಚೆದ್ದು ಕುಣಿದರೆಂದೂ ತಂಡದವರು ಹೇಳಿಕೊಂಡಿದ್ದಾರೆ.

ಇನ್ನು ನಮ್ಮ ಮುಂಬಯಿಗೆ ಬರೋಣ. ಷಿಕಾಗೋದ ಆ ತಟ್ಟೆಗೆ ಐದು ವರ್ಷ ಮೊದಲೇ, 1982ರಲ್ಲಿ, ಹಿಂದೀ ಚಿತ್ರಗಳ ವಾದ್ಯವೃಂದಗಳಲ್ಲಿ ದುಡಿಯುತ್ತಿದ್ದ ಶ್ರೀ ಚರಣಜಿತ್ ಸಿಂಗ್ ಎಂಬ ಕಲಾವಿದರು ಇದೇ ಟಿಬಿ-303 ಯಂತ್ರವನ್ನೂ, ಅದೇ ಕಂಪೆನಿಯ ತಾಳಯಂತ್ರವನ್ನೂ ಇಟ್ಟುಕೊಂಡು ಹತ್ತು ರಾಗಗಳನ್ನು ನುಡಿಸಿ ಮುದ್ರಿಸಿದರು. ಭೈರವ, ಲಲಿತ, ತೋಡಿ, ಯಮನ್ ಅದರಲ್ಲಿವೆ. ನಾವು ಮೋಹನವೆನ್ನುವ ಭೂಪಾಲಿ, ಹಿಂದೋಳವೆನ್ನುವ ಮಾಲ್‌ಕೌಂಸ್ ಇವೆ. 'ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್' ಎಂಬ ಆ ತಟ್ಟೆಯನ್ನು ಕೊಂಡವರು ಬಹಳ ಕಡಮೆ. 2002ರಲ್ಲಿ ಎಡೋ ಬೌಮನ್ ಎಂಬ ಡಚ್ ಸಂಗ್ರಾಹಕರು ದಿಲ್ಲಿಯ ಅಂಗಡಿಯೊಂದರಲ್ಲಿ ಅದನ್ನು ಕಂಡು, ಮನೆಗೊಯ್ದು ಕೇಳಿ ಬೆರಗಾದರು. 2010ರಲ್ಲಿ ಮತ್ತೆ ಹೊರತಂದರು. ಆಗ ಲೋಕವೆಲ್ಲ ಕಿವಿಗೊಟ್ಟಿತು. ಆಸಿಡ್ ಹೌಸನ್ನು ಹುಟ್ಟಿಸಿದವರು ಇವರೇ ಎಂದು ಕೆಲವರು ಬರೆದರು. ಅಷ್ಟು ದೂರ ಹೋಗುವುದು ಸರಿಯಲ್ಲ. ಷಿಕಾಗೋದ ತರುಣರು ಈ ತಟ್ಟೆಯನ್ನು ಕೇಳಿ ಕಲಿತವರಲ್ಲ. ಆದರೆ ದಾರಿಯನ್ನು ಅವರು ಮೊದಲೇ ತುಳಿದಿದ್ದರೆಂಬುದು ನಿಜ. ಕೀರ್ತಿ ಬಂದಾಗ ಅವರಿಗೆ ಎಪ್ಪತ್ತರ ಆಸುಪಾಸು. 2015ರಲ್ಲಿ ಅವರು ಮುಂಬಯಿಯಲ್ಲಿಯೇ ತೀರಿಕೊಂಡರು. ನಮ್ಮ ನಗರದ ಕಲಾವಿದನನ್ನು ಗುರುತಿಸಲು 28 ವರ್ಷಗಳೂ, ಪರದೇಶದ ಒಂದು ಜೊತೆ ಕಿವಿಗಳೂ ಬೇಕಾದವು!

ಈಚಿನ ಉದಾಹರಣೆಯೂ ಉಂಟು. 2014ರಲ್ಲಿ ಕುರ್ಲಾದ ನೇಜಿ ಎಂಬ ತರುಣನು ಒಂದು ಐಪ್ಯಾಡಿನಲ್ಲಿಯೇ ಹಾಡು ಮುದ್ರಿಸಿ, ಅದರಲ್ಲಿಯೇ ಚಿತ್ರವನ್ನೂ ತೆಗೆದು 'ಆಫತ್' ಎಂಬ ರ‍್ಯಾಪ್ ಹಾಡನ್ನು ಹೊರತಂದನು. ಅವನಿಂದಲೂ ಡಿವೈನ್ ಎಂಬ ಮತ್ತೊಬ್ಬನಿಂದಲೂ ಸ್ಫೂರ್ತಿ ಪಡೆದ 'ಗಲ್ಲಿ ಬಾಯ್' ಚಿತ್ರ 2019ರಲ್ಲಿ ಬಂದ ಮೇಲೆಯೇ ದೊಡ್ಡ ಮಂದಿಗೆ ಅದರ ಪರಿಚಯ. ಅವನಿದ್ದ ಕುರ್ಲಾದಲ್ಲಿ ನಮ್ಮವರ ಹೋಟೆಲುಗಳಿಗೇನು ಬರವೇ?

ಹಾಗಾದರೆ ಹೊಸದನ್ನು ಹುಡುಕುವ ಬಗೆ ಹೇಗೆ? ನಾವು ಕಂಡುಕೊಂಡಷ್ಟನ್ನು ಹೇಳುತ್ತೇವೆ. ಮೊದಲನೆಯದಾಗಿ, ಒಮ್ಮೆ ಕೇಳಿ ತೀರ್ಪು ಕೊಡಬೇಡಿರಿ. ನಾಲ್ಕನೆಯ ಬಾರಿಗೆ ಒಲಿದ ಮುದ್ರಿಕೆಯ ಕಥೆಯನ್ನು ಮೇಲೆ ಹೇಳಿದೆವು. ಎರಡನೆಯದಾಗಿ, ಗಾಯಕನ ಹೆಸರಷ್ಟನ್ನೇ ನೋಡದೆ, ತಾಳ ಕಟ್ಟಿದವರು ಯಾರು, ಹೊರತಂದ ಸಣ್ಣ ಸಂಸ್ಥೆ ಯಾವುದು ಎಂಬ ಚಿಕ್ಕ ಅಕ್ಷರಗಳನ್ನು ಓದಿರಿ. ಒಂದು ಒಳ್ಳೆಯ ಹೌಸ್ ಮುದ್ರಿಕೆ ಸಿಕ್ಕಿದರೆ ಅದೇ ಸಂಸ್ಥೆಯ ಮುಂದಿನದೂ ಪರೀಕ್ಷಾರ್ಹ. ಮೂರನೆಯದಾಗಿ, ಯಂತ್ರವು ತಾನಾಗಿ ಮುಂದಿಡುವ ಹಾಡನ್ನೇ ನೆಚ್ಚಬೇಡಿರಿ. ಹತ್ತು ಜನ ಕೇಳಿದ್ದನ್ನೇ ಅದು ಹನ್ನೊಂದನೆಯವನಿಗೂ ಬಡಿಸುವುದು ಹೆಚ್ಚು. ಬ್ಯಾಂಡ್‌ಕ್ಯಾಂಪ್ ಎಂಬ ಅಂತರ್ಜಾಲದ ಅಂಗಡಿಯಲ್ಲಿ ಊರಿನ ಹೆಸರಿನಿಂದಲೂ ಪದ್ಧತಿಯ ಹೆಸರಿನಿಂದಲೂ ಹೊಸ ಮುದ್ರಿಕೆಗಳನ್ನು ಹುಡುಕಬಹುದು. ಕೊಳ್ಳುವ ಮೊದಲು ಕೇಳಿ ನೋಡಬಹುದು. ಕೊಟ್ಟ ಹಣದ ಬಹುಭಾಗ ಕಲಾವಿದನಿಗೇ ಸಲ್ಲುತ್ತದೆ. ಕೊನೆಯದಾಗಿ, ಮೆಚ್ಚಿದ್ದರ ಹೆಸರನ್ನು ಮುಚ್ಚಿಡಬೇಡಿರಿ. ಕೂಲ್ ಹರ್ಕನಿಗೆ ಚೀಟಿ ಕೀಳುವ ಕಾರಣವಿತ್ತು, ನಮಗಿಲ್ಲ.

ಸಂಬಳ ಸಣ್ಣದು, ಬಿಡುವು ಇನ್ನೂ ಸಣ್ಣದು ಎಂಬುದನ್ನು ನಾವು ಬಲ್ಲೆವು. ಆದರೆ ಹೆಸರಿಲ್ಲದವನ ಮೊದಲ ಕೇಳುಗನಾಗಲು ಸಿರಿತನ ಬೇಕಿಲ್ಲ. ಪರವೂರಿಗೆ ಬಂದು, ಮೊದಲ ಕೆಲಸ ಕೊಟ್ಟ ಒಬ್ಬ ಪುಣ್ಯಾತ್ಮನಿಂದ ಕಾಲೂರಿದವರು ನಾವು. ಮೊದಲು ಬಾಗಿಲು ತೆರೆದವನ ಬೆಲೆ ನಮಗೆ ಹೇಳಿಕೊಡಬೇಕೆ?

ಆ ಹುಡುಗನು ಈಗ ಎಲ್ಲಿರುವನೋ ಅರಿಯೆವು. ಆದರೆ ನಿಮ್ಮ ಅಡಿಗೆಮನೆಯ ಹಿಂಬದಿಯಲ್ಲಿ ಇಂದು ರಾತ್ರಿ ಅಂತಹ ಸದ್ದು ಕೇಳಿಬಂದರೆ, ಗದರಿಸುವ ಮೊದಲು "ಯಾರ ಹಾಡಪ್ಪಾ ಅದು?" ಎಂದು ಒಂದು ಮಾತು ಕೇಳಿ ನೋಡಿರಿ.